ರಘು ಮಾವನ ಅಮೆರಿಕನ್ ಕೋಣ

ನಮ್ಮ ಅಡುಗೆಮನೆಯಲ್ಲಿ ಶುಂಠಿ ಜಜ್ಜುವುದಕ್ಕೆ ಒಂದು ವಿಚಿತ್ರ ಉಪಕರಣ ಉಂಟು. ಗೇಣಿಗೆ ಸ್ವಲ್ಪ ಕಡಿಮೆ ಉದ್ದದ ಉಕ್ಕಿನ ಹಿಡಿ, ಒಂದು ತುದಿಯಲ್ಲಿ ಕಪ್ಪು ಗುಂಡಿ, ಇನ್ನೊಂದು ತುದಿಯಲ್ಲಿ ಹಲ್ಲುಹಲ್ಲಾದ ತೂತು. ಮನೆಗೆ ಬಂದವರು ಇದೆಂತದು ಅಂತ ಕೇಳಿದರೆ ಅಮ್ಮ "ಅದು ಅಮೆರಿಕದ್ದು" ಎಂದು ಹೇಳಿ ಚಹಾ ಸೋಸಲು ತಿರುಗುತ್ತಾಳೆ. ಅಮೆರಿಕದವರು ಶುಂಠಿ ಜಜ್ಜುವುದಕ್ಕೂ ಬೇರೆ ಸಾಮಾನು ಇಟ್ಟುಕೊಂಡಿದ್ದಾರೆ ಎಂದು ನಂಬಿಕೊಂಡು ಡೊಂಬಿವಲಿಯಲ್ಲಿ ಎಷ್ಟು ಜನ ಓಡಾಡುತ್ತಿದ್ದಾರೋ ನನಗೆ ಗೊತ್ತಿಲ್ಲ. ನಿಜ ಏನೆಂದರೆ ಅದು ಒಂದು ಕಾರಿನ ಹಿಂದಿನ ಕಿಟಕಿಯ ಗಾಜು ಏರಿಸಿ ಇಳಿಸುವ ಹಿಡಿ. ಅದನ್ನು ಕಿತ್ತವಳು ನಾನು. ಆಗ ನನಗೆ ಹತ್ತು ವರ್ಷ.

ಮೊನ್ನೆ ಅದರ ಫೋಟೋ ತೆಗೆದು ನಮ್ಮ ಹಳೇ ಕಾರುಗಳ ಗುಂಪಿಗೆ ಹಾಕಿದೆ. ಹೌದು, ನಾನು ಅಂಥದ್ದೊಂದು ಗುಂಪಿನಲ್ಲಿದ್ದೇನೆ. ನನ್ನ ಹತ್ತಿರ ಹಳೇ ಕಾರಿಲ್ಲ, ಹೊಸ ಕಾರೂ ಇಲ್ಲ, ಇರುವುದು ಈ ಹಿಡಿ ಮತ್ತು ಲೋಕಲ್ ಟ್ರೇನಿನ ಪಾಸು. ಆದರೂ ಸೇರಿಸಿಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ನವಿ ಮುಂಬಯಿಯ ಒಂದು ಅಗಲ ರಸ್ತೆಯ ಬದಿಯಲ್ಲಿ ಸೇರುವುದು, ಬೇರೆಯವರ ಬಾನೆಟ್ಟಿನೊಳಗೆ ತಲೆ ಹಾಕುವುದು, ವಡಾಪಾವ್ ತಿಂದು ಮನೆಗೆ ಬರುವುದು. ಫೋಟೋ ನೋಡಿದ ಕೂಡಲೇ ಎಲ್ಲರಿಗೂ ತಂತಮ್ಮ ಮೊದಲ ಸವಾರಿಯ ನೆನಪು ಬಂತು. ಒಬ್ಬರು ಬರೆದರು: "ಅಜ್ಜ ಎಕ್ಸಿಲರೇಟರ್ ಒತ್ತಿದಾಗ ನಾನು ಸೀಟಿನೊಳಗೆ ಹೂತುಹೋದೆ." ಇನ್ನೊಬ್ಬರಿಗೆ ಎಂಟು ಸಿಲಿಂಡರಿನ ಗುಡುಗು ಎದೆಯೊಳಗೆ ಕೇಳಿಸಿತ್ತಂತೆ. ಮತ್ತೊಬ್ಬರು ಅತ್ತೇಬಿಟ್ಟಿದ್ದರಂತೆ. "ನಿಮ್ಮದು ಹೇಗಿತ್ತು?" ಎಂದು ನನ್ನನ್ನು ಕೇಳಿದರು.

ನಾನು ಬರೆದೆ: "ನನ್ನ ಮೊದಲ ಸವಾರಿಯಲ್ಲಿ ಎಂಜಿನ್ ಶುರುವೇ ಆಗಿರಲಿಲ್ಲ."

ಒಬ್ಬರು ಅಳುವ ಮುಖದ ಚಿತ್ರ ಹಾಕಿದರು, ಇನ್ನೊಬ್ಬರು ಕೈಮುಗಿಯುವ ಚಿತ್ರ. ಅಲ್ಲಿ ಟೈಪ್ ಮಾಡಲು ಆಗದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ವಾಹನ ಎಂದರೆ ರೈಲು. ಅಪ್ಪ ಠಾಣೆಯ ಆಫೀಸಿಗೆ ಹೋಗುವ ಲೋಕಲನ್ನು "ಎಂಟು ಹದಿನಾಲ್ಕು" ಎಂದು ಮನೆದೇವರ ಹೆಸರಿನ ಹಾಗೆ ಹೇಳುತ್ತಿದ್ದರು. ಅದು ತಪ್ಪಿದ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿರಲಿಲ್ಲ. ಕಾರು ಎಂಬುದು ಮದುವೆಯ ದಿನ ಹೂವು ಅಂಟಿಸಿಕೊಂಡು ಬರುವ ಪದಾರ್ಥ. ಇಂಥ ವಂಶಕ್ಕೆ ಕಾರು ತಂದವನು ರಘುರಾಮ ಮಾವ, ಅಮ್ಮನ ತಮ್ಮ.

ಮಾವ ಉಡುಪಿ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು, ಠಾಣೆ ಕಲ್ಯಾಣಗಳ ಹೋಟೆಲುಗಳಲ್ಲಿ ದುಡಿದು, ಕೊನೆಗೆ ರಬಾಳೆಯಲ್ಲಿ ರಬ್ಬರ್ ವಾಷರ್ ಮಾಡುವ ಒಂದು ಸಣ್ಣ ಕಾರ್ಖಾನೆಯ ಕ್ಯಾಂಟೀನು ಹಿಡಿದಿದ್ದ. ಹೋಟೆಲಿನಲ್ಲಿ ಬೆಳೆದವರಿಗೆ ಒಂದು ಕಾಯಿಲೆ ಉಂಟು. "ಇಲ್ಲ" ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಗಿರಾಕಿ ಏನು ಕೇಳಿದರೂ ಮೊದಲು "ಉಂಟು" ಎನ್ನಬೇಕು, ಆಮೇಲೆ ಹಿಂಬಾಗಿಲಿನಿಂದ ಓಡಿಹೋಗಿ ತರಬೇಕು. ಒಮ್ಮೆ ಹೊಸಬನೊಬ್ಬ ಕ್ಯಾಂಟೀನಿಗೆ ಬಂದು ಆಮ್ಲೆಟ್ ಕೇಳಿದನಂತೆ. ಶುದ್ಧ ಸಸ್ಯಾಹಾರಿ ಕ್ಯಾಂಟೀನು. ಮಾವ "ಹೈ ಸಾಬ್" ಅಂದವನೇ ಒಳಗೆ ಹೋಗಿ ಕಡಲೆಹಿಟ್ಟಿಗೆ ಟೊಮೆಟೊ, ಈರುಳ್ಳಿ ಕಲಸಿ ಹೆಂಚಿಗೆ ಹೊಯ್ದು ತಂದಿಟ್ಟ. ಆ ಮನುಷ್ಯ ತಿಂದು ಕೈತೊಳೆದು, ನಾಳೆಯೂ ಬೇಕು ಅಂದನಂತೆ.

ಕಾರ್ಖಾನೆಯ ಯಜಮಾನರು ಮೋತಿರಾಮ್ ಸಾಹೇಬರು. ಸಿಂಧಿ, ಮದುವೆಯಾದವರಲ್ಲ, ವಿಠ್ಠಲವಾಡಿಯಲ್ಲಿ ತಂಗಿಯ ಜೊತೆ ಮನೆ. ಇಪ್ಪತ್ತು ವರ್ಷ ದಿನಾ ಹತ್ತು ಗಂಟೆಗೆ ಮಾವನ ಕೈಯ ಎರಡು ಇಡ್ಲಿ ತಿಂದು, ಇಪ್ಪತ್ತು ವರ್ಷವೂ ಸಾಂಬಾರಿಗೆ ಹುಳಿ ಜಾಸ್ತಿ ಎಂದು ಹೇಳಿದವರು. ವಯಸ್ಸಾಯಿತೆಂದು ಕಾರ್ಖಾನೆ ಮುಚ್ಚುವಾಗ ಅವರು ಮಾವನನ್ನು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋಗಿ ಒಂದು ತಾಡಪಾಲು ಎತ್ತಿ ತೋರಿಸಿದರು.

ಕೆಳಗೆ ಕಾರು. ಕಪ್ಪು ಬಣ್ಣ, ಎರಡೇ ಬಾಗಿಲು, ಮೈಯ ಅರ್ಧ ಭಾಗ ಬರೀ ಮೂತಿ. ಪ್ರಾಯದಲ್ಲಿ ಸಾಹೇಬರು ದೇಶ ಬಿಟ್ಟು ಹೊರಟಿದ್ದ ಒಬ್ಬ ವಿದೇಶಿಯಿಂದ ಕೊಂಡದ್ದು. ಅಮೆರಿಕದವರು ಒಂದು ಕಾಲದಲ್ಲಿ ಮಾಡುತ್ತಿದ್ದ ಈ ಜಾತಿಗೆ ಮಸಲ್ ಕಾರ್ ಎನ್ನುತ್ತಾರೆ. ಮನೆಗೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಶಕ್ತಿಯ ಎಂಜಿನ್ನನ್ನು ಒಂದು ಕಾರಿಗೆ ತುರುಕಿ, ಇನ್ನು ನೀನುಂಟು ನಿನ್ನ ರಸ್ತೆಯುಂಟು ಎಂದು ಬಿಟ್ಟುಬಿಡುವುದು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಗುಂಪಿನಲ್ಲಿ ಬೇರೆ ಕಂಪನಿಯವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ.

"ರಘುರಾಮ್," ಅಂದರು ಸಾಹೇಬರು, "ಗಾಡಿ ಚಲಾನಾ ಆತಾ ಹೈ?"

"ಆತಾ ಹೈ ಸಾಬ್!" ಅಂದ ಮಾವ.

ಗಾಡಿ ಓಡಿಸುವುದಿರಲಿ, ಮಾವನಿಗೆ ಸ್ಕೂಟರನ್ನೇ ಬೇರೆಯವರು ಕಿಕ್ ಹೊಡೆದು ಕೊಡಬೇಕಿತ್ತು.

"ಮಾರುವವನಿಗೆ ನಾನಿದನ್ನು ಕೊಡುವುದಿಲ್ಲ. ಓಡಿಸುವವನಿಗೆ ಕೊಡುತ್ತೇನೆ. ತೆಗೆದುಕೊಂಡು ಹೋಗಿ ರಿಪೇರಿ ಮಾಡಿಸು. ಕಾಗದಪತ್ರ ನನ್ನ ಹತ್ತಿರ ಇರಲಿ. ನೀನು ಓಡಿಸಿಕೊಂಡು ನನ್ನ ಮನೆ ಬಾಗಿಲಿಗೆ ಬರಬೇಕು, ಆ ದಿನ ಸಹಿ ಹಾಕುತ್ತೇನೆ."

ಮಾವ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕಾರನ್ನೂ ಮುಟ್ಟಿ ನಮಸ್ಕಾರ ಮಾಡಿದ.

ಮೇ ತಿಂಗಳ ರಜೆಯಾದ್ದರಿಂದ ನಾನು ಘಣಸೋಲಿಯಲ್ಲಿ ಮಾವನ ಮನೆಯಲ್ಲಿದ್ದೆ. ಮಾವನಿಗೂ ವಾರಿಜತ್ತೆಗೂ ಮಕ್ಕಳಿರಲಿಲ್ಲ. ರಜೆ ಬಂದರೆ ಡೊಂಬಿವಲಿಯಿಂದ ನನ್ನನ್ನು ಒಂದು ಚೀಲ ಬಟ್ಟೆಯ ಸಮೇತ ಅಲ್ಲಿಗೆ ಕಳಿಸುವುದು ವಾಡಿಕೆ. ಹಾಗಾಗಿ ಕಾರು ಹೊರಟ ದಿನ ನಾನು ಅದರ ಹಿಂದಿನ ಸೀಟಿನಲ್ಲಿದ್ದೆ.

ಎಂಜಿನ್ ಸತ್ತು ಎಷ್ಟೋ ವರ್ಷವಾಗಿತ್ತು. ಬಾಬು ಭಾಯಿ ಎಂಬ ಮೆಕ್ಯಾನಿಕ್‌ನ ಗ್ಯಾರೇಜು ಅರ್ಧ ಕಿಲೋಮೀಟರ್ ದೂರದಲ್ಲಿತ್ತು. ಕ್ಯಾಂಟೀನಿನ ಅಡುಗೆಯವರು, ಬಡಿಸುವವರು, ವಾಚ್‌ಮನ್ ಎಲ್ಲ ಸೇರಿ ಆರು ಜನ ಹಿಂದಿನಿಂದ ನೂಕಲು ನಿಂತರು. ಮಾವ ಬಿಳಿ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು ಸ್ಟಿಯರಿಂಗಿನ ಹಿಂದೆ ಕೂತ. ಮೊದಲು ಬಲಗಡೆ ಕೂತಿದ್ದ. ಅಲ್ಲಿ ಸ್ಟಿಯರಿಂಗ್ ಇಲ್ಲ ಎಂದು ಯಾರೋ ಹೇಳಿದ ಮೇಲೆ ಎಡಗಡೆಗೆ ಸರಿದ.

ಒಳಗೆ ಕಾದ ಹೆಂಚಿನ ಮೇಲೆ ಕೂತ ಹಾಗಿತ್ತು. ಇಲಿ, ರಬ್ಬರು, ಹಳೇ ರೇನ್‌ಕೋಟು ಮೂರೂ ಸೇರಿದ ವಾಸನೆ. ಕಾರು ಸರಿಯಿತು. ಸದ್ದಿಲ್ಲ, ಹೊಗೆಯಿಲ್ಲ, ಕುಲುಕಾಟವಿಲ್ಲ, ಹಬ್ಬದ ಪಲ್ಲಕ್ಕಿಯ ಹಾಗೆ ನಿಧಾನಕ್ಕೆ. ಅಮೆರಿಕದ ಕಾರು ಎಷ್ಟು ಗಂಭೀರವಾಗಿ ಹೋಗುತ್ತದಲ್ಲ ಎಂದು ನನಗೆ ಬೆರಗಾಯಿತು. ಕಾರೆಂದರೆ ಹೀಗೇ ಇರಬೇಕು, ನಮ್ಮ ರಿಕ್ಷಾದವರು ಸುಮ್ಮನೆ ಗಲಾಟೆ ಮಾಡುತ್ತಾರೆ ಎಂದುಕೊಂಡೆ. ಸೆಕೆಗೆ ಗಾಜು ಇಳಿಸೋಣವೆಂದು ಹಿಡಿ ತಿರುಗಿಸಿದೆ. ಒಂದು ಸುತ್ತು, ಎರಡು ಸುತ್ತು, ಮೂರನೆಯದಕ್ಕೆ ಹಿಡಿ ನನ್ನ ಕೈಗೇ ಬಂತು. ಮೆಲ್ಲಗೆ ಫ್ರಾಕಿನ ಜೇಬಿಗೆ ಇಳಿಸಿದೆ.

ಹಿಂದೆ ಆರು ಜನ ಏದುಸಿರು ಬಿಡುತ್ತಿದ್ದರು. ದಾರಿಯಲ್ಲಿ ಮೂರು ಸಲ ನಿಂತು ನೀರು ಕುಡಿದರು. ಗ್ಯಾರೇಜು ಮುಟ್ಟಿದಾಗ ಬಾಬು ಭಾಯಿ ಕಿಟಕಿಯಲ್ಲಿ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ.

"ಅರೇ ಅಣ್ಣಾ, ಹ್ಯಾಂಡ್‌ಬ್ರೇಕ್ ತೋ ಉತಾರೋ!"

ಅರ್ಧ ಕಿಲೋಮೀಟರ್ ಬ್ರೇಕು ಹಾಕಿದ ಕಾರನ್ನು ನೂಕಿದ್ದ ಆರೂ ಜನ ಮಾವನ ಮುಖ ನೋಡಿದರು. ಮಾವ ಆಕಾಶ ನೋಡಿದ. ಮಾರನೇ ದಿನ ಆ ಆರು ಜನಕ್ಕೂ ಕಾಯಿಹೋಳಿಗೆ ಆಯಿತು.

ಮಾವ ಪಕ್ಕದ ಕಾರ್ಖಾನೆಯ ಕ್ಯಾಂಟೀನು ಹಿಡಿದ. ಬಾಬು ಭಾಯಿ ಮಳೆಗಾಲವಿಡೀ ಆ ಕಾರಿನ ಹೊಟ್ಟೆಯೊಳಗೆ ಕೂತಿದ್ದ. ಗಣೇಶ ಚೌತಿಯ ಆಸುಪಾಸಿನಲ್ಲಿ ಒಂದು ದಿನ ಎಂಜಿನ್ ಶುರುವಾಯಿತು. ಅದನ್ನು ನೋಡಲು ಅಮ್ಮ ನಾನು ಇಬ್ಬರೂ ಹೋಗಿದ್ದೆವು. ಮೊದಲು ಒಂದು ಕೆಮ್ಮು. ಆಮೇಲೆ ನೆಲದೊಳಗಿನಿಂದ ಬಂದಂಥ ಒಂದು ಗುಟುರು. ಗ್ಯಾರೇಜಿನ ತಗಡು ನಡುಗಿತು, ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಎದ್ದು ಹೋದವು. ಅಮ್ಮ ನನ್ನನ್ನು ಹಿಂದಕ್ಕೆ ಎಳೆದುಕೊಂಡಳು.

"ಇದೆಂತ ಕಾರಾ ಮಾರಾಯ? ಕಂಬಳದ ಗದ್ದೆಯಿಂದ ತಪ್ಪಿಸಿಕೊಂಡು ಬಂದ ಕೋಣದ ಹಾಗೆ ಉಂಟು."

ಅಂದಿನಿಂದ ಅದರ ಹೆಸರು ಕೋಣ.

ಇನ್ನು ಕಲಿಯಬೇಕಲ್ಲ. ಆಗ ಘಣಸೋಲಿಯ ಹೊಸ ಸೆಕ್ಟರುಗಳಲ್ಲಿ ರಸ್ತೆ ಬಂದಿತ್ತು, ದೀಪದ ಕಂಬ ಬಂದಿತ್ತು, ಕಟ್ಟಡ ಮಾತ್ರ ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಬಾಬು ಭಾಯಿ ಅಲ್ಲಿ ಕಾರು ತಂದು ಮಾವನ ಕೈಗೆ ಕೊಡುತ್ತಿದ್ದ. ಹಿಂದಿನ ಸೀಟಿನಲ್ಲಿ ಚಹಾದ ಫ್ಲಾಸ್ಕ್ ಹಿಡಿದು ವಾರಿಜತ್ತೆ, ಪಕ್ಕದಲ್ಲಿ ಅವಲಕ್ಕಿ ಡಬ್ಬಿ ಹಿಡಿದು, ಶನಿವಾರ ಸಂಜೆಯೇ ಡೊಂಬಿವಲಿಯಿಂದ ಬಂದಿರುತ್ತಿದ್ದ ನಾನು. ಎರಡೇ ಬಾಗಿಲಿನ ಕಾರಾದ್ದರಿಂದ ಮುಂದಿನ ಸೀಟು ಮಡಚಿ ಒಳಗೆ ನುಸುಳಬೇಕು. ಒಮ್ಮೆ ನುಸುಳಿದರೆ ಹೊರಗೆ ಹಾರಿ ಜೀವ ಉಳಿಸಿಕೊಳ್ಳುವ ಆಸೆಯನ್ನು ಬಿಡಬೇಕು.

ಇಡೀ ಸೆಕ್ಟರಿನಲ್ಲಿ ಇದ್ದದ್ದು ಒಂದೇ ಮರಳಿನ ರಾಶಿ. ಮೊದಲ ಭಾನುವಾರ ಮಾವ ಅದಕ್ಕೆ ಗುದ್ದಿದ. ಎರಡನೇ ಭಾನುವಾರ ರಾಶಿಯಿಂದ ಬಹಳ ದೂರ ಶುರು ಮಾಡಿಸಿದರು. ಆದರೂ ಅಲ್ಲಿಗೇ ಹೋಗಿ ಗುದ್ದಿದ. "ಅದೇ ಎಳೆಯುತ್ತದೆ," ಅಂದ ಮಾವ. ಅವನ ಕಾಲು ಸಪೂರ, ಕ್ಲಚ್ಚು ಗಟ್ಟಿ. ಒತ್ತುವಾಗ ಇಡೀ ಮೈ ಸೀಟಿನಿಂದ ಮೇಲೇಳುತ್ತಿತ್ತು. ಬಿಡುವಾಗ ಕೋಣ ಒಂದೇ ನೆಗೆತಕ್ಕೆ ಮುಂದೆ ಹಾರಿ ಸತ್ತುಹೋಗುತ್ತಿತ್ತು. ಪ್ರತಿ ನೆಗೆತಕ್ಕೂ ಅವಲಕ್ಕಿ ಹಾರುತ್ತಿತ್ತು. ನನ್ನ ಕೂದಲಲ್ಲಿ ಸಂಜೆಯವರೆಗೂ ಸಿಗುತ್ತಿತ್ತು.

ಮೂರನೇ ಭಾನುವಾರ ಒಂದು ಸಂಗತಿ ಗಮನಕ್ಕೆ ಬಂತು. ಮಾವ ಗೇರು ಹಾಕುವುದಕ್ಕೆ ಒಂದು ಕ್ಷಣ ಮೊದಲು ಹಿಂದಿನ ಸೀಟಿನಿಂದ ಮೆಲ್ಲಗೆ "ಈಗ" ಎಂದು ಕೇಳಿಸುತ್ತಿತ್ತು. ವಾರಿಜತ್ತೆ. ಕಣ್ಣು ಕಿಟಕಿಯ ಹೊರಗೆ, ಮಡಿಲಲ್ಲಿ ಫ್ಲಾಸ್ಕು, ಬಾಯಲ್ಲಿ "ಈಗ". ಆ ಮಾತು ಕೇಳಿದಾಗ ಹಾಕಿದ ಗೇರು ಬೆಣ್ಣೆಯ ಹಾಗೆ ಕೂರುತ್ತಿತ್ತು. ಮಾವ ತಾನೇ ಹಾಕಿದ್ದು ಕರಕರ ಹಲ್ಲು ಕಡಿಯುತ್ತಿತ್ತು. ಬಾಬು ಭಾಯಿ ತಿರುಗಿ ಅತ್ತೆಯನ್ನು ನೋಡಿದ.

"ಭಾಭಿ, ನೀವೊಮ್ಮೆ ಬನ್ನಿ ಮುಂದೆ."

ಅತ್ತೆ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟು ಮಡಚಿ ಇಳಿದು, ಸ್ಟಿಯರಿಂಗಿಗೆ ಕೂತಳು. ಅವಳ ತಲೆ ಹೊರಗಿನಿಂದ ಕಾಣಿಸುತ್ತಲೇ ಇರಲಿಲ್ಲ. ಬೆನ್ನ ಹಿಂದೆ ದಿಂಬು ಕೊಟ್ಟೆವು. ಒಂದು ಸಲ ಸತ್ತಿತು, ಎರಡು ಸಲ ಸತ್ತಿತು. ಮೂರನೇ ಸಲಕ್ಕೆ ಕೋಣ ತಲೆ ತಗ್ಗಿಸಿ ಹೊರಟಿತು. ಮರಳಿನ ರಾಶಿಯನ್ನು ಸುತ್ತಿ ವಾಪಸು ಬಂದು, ಹೊರಟಲ್ಲೇ ನಿಂತಿತು.

ಮಾವ ರಸ್ತೆಯ ಮೇಲೆ ನಿಂತು ನೋಡುತ್ತಿದ್ದ.

"ನಿನಗೆ ಇದು ಹೇಗೆ ಗೊತ್ತು?"

"ಅಪ್ಪ ಬಸ್ ಡ್ರೈವರಲ್ವಾ," ಅಂದಳು ಅತ್ತೆ. "ಘಾಟಿ ಸರ್ವಿಸ್. ನಾನು ಎಂಜಿನ್ ಪೆಟ್ಟಿಗೆ ಮೇಲೆ ಕೂತು ಹೋಗ್ತಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಮದುವೆ ಹೊತ್ತಿಗೆ ಅಪ್ಪ ಇರ್ಲಿಲ್ಲ. ಆಮೇಲೆ ನೀವು ಕೇಳ್ಲಿಲ್ಲ."

ಹನ್ನೆರಡು ವರ್ಷದ ಸಂಸಾರ. ಮಾವ ನನ್ನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು ಚಹಾ ಕುಡಿದ.

ಅತ್ತೆಗೆ ಲೈಸೆನ್ಸ್ ಸಿಕ್ಕಿತು. ಮಾವನಿಗೆ ಸಿಗಲಿಲ್ಲ. ಪರೀಕ್ಷೆಯ ದಿನ ಮೈದಾನದಲ್ಲಿ ಮರಳಿನ ರಾಶಿ ಇರಲಿಲ್ಲವಂತೆ, ಅವನು ಕಂಬ ಹುಡುಕಿಕೊಂಡ. ಇದೇ ಹೊತ್ತಿನಲ್ಲಿ ವಿಠ್ಠಲವಾಡಿಯಿಂದ ವಾರಕ್ಕೊಮ್ಮೆ ಸಾಹೇಬರ ಫೋನು ಬರುತ್ತಿತ್ತು. ಮಾವ ಮೊಬೈಲು ಕಿವಿಗಿಟ್ಟು ಎದ್ದು ನಿಂತು ಮಾತಾಡುತ್ತಿದ್ದ.

"ಓಡಿಸ್ತಾ ಇದ್ದೀಯಾ?"

"ಹಾಂ ಸಾಬ್, ದಿನಾ!"

"ಸೆಕೆಂಡ್ ಗೇರ್ ಸ್ವಲ್ಪ ತಕರಾರು ಮಾಡುತ್ತದೆ, ಅಲ್ವಾ?"

"ಮಾಡುತ್ತದೆ ಸಾಬ್, ನಾನು ಪ್ರೀತಿಯಿಂದ ಹಾಕುತ್ತೇನೆ."

ಫೋನಿಟ್ಟ ಮೇಲೆ ಅತ್ತೆಯ ಮುಖ ನೋಡದೆ ಬಚ್ಚಲಿಗೆ ಹೋಗುತ್ತಿದ್ದ. "ಎಷ್ಟು ದಿನ ಹೀಗೆ?" ಅಂತ ಅಮ್ಮ ಬೈದರೆ, "ಸಹಿ ಆಗಲಿ ಅಕ್ಕ, ಆಮೇಲೆ ಹೇಳಿದರಾಯಿತು" ಅನ್ನುತ್ತಿದ್ದ. ಬೈಗುಳಕ್ಕೂ ಅವನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ.

ದೀಪಾವಳಿ ರಜೆಯಲ್ಲಿ ಫೋನು ಬಂತು. ಸಾಹೇಬರಿಗೆ ಒಂದು ಕಣ್ಣಿನ ಪೊರೆ ತೆಗೆದಿದ್ದರು, ಪಟ್ಟಿ ಕಟ್ಟಿತ್ತು. ಇನ್ನೊಂದರಲ್ಲಿ ಮೊದಲೇ ಮಂಜು. "ನೋಡಲಿಕ್ಕಂತೂ ಆಗುವುದಿಲ್ಲ, ಕೇಳಿಯಾದರೂ ಕೇಳುತ್ತೇನೆ. ನಾಳೆ ಬೆಳಿಗ್ಗೆ ಗಾಡಿ ತಾ. ಕಾಗದ ತೆಗೆದಿಟ್ಟಿದ್ದೇನೆ."

ಮಾವನ ಮುಖ ದೀಪದ ಹಾಗೆ ಹೊತ್ತಿಕೊಂಡಿತು. "ಕಾಣುವುದಿಲ್ಲವಂತೆ!" ಎಂದ. ಪರರ ಕಣ್ಣಿನ ಪೊರೆಗೆ ಅಷ್ಟು ಖುಷಿಪಟ್ಟವರನ್ನು ನಾನು ಆಮೇಲೆ ನೋಡಿಲ್ಲ. ಉಪಾಯ ಅಲ್ಲೇ ತಯಾರಾಯಿತು. ಅತ್ತೆ ಓಡಿಸುವುದು, ಮಾವ ಮಾತಾಡುವುದು. ಅತ್ತೆ ಬಾಯಿ ಬಿಡಬಾರದು. ನಾನು ನಗಬಾರದು.

"ಪಾಪದ ಮುದುಕರಿಗೆ ಹಾಗೆ ಮಾಡುವುದಾ?" ಅಂದಳು ಅತ್ತೆ.

"ಒಂದು ದಿನ, ವಾರಿಜ. ಕೋಣ ಹೋದರೆ ನಾನು ಬಾಬು ಭಾಯಿಗೆ ಮುಖ ತೋರಿಸುವುದು ಹೇಗೆ?"

ಅತ್ತೆ ಎದ್ದು ಹೋಗಿ ದಿಂಬಿಗೆ ಒಗೆದ ಕವರು ಹಾಕಿದಳು.

ಬೆಳಿಗ್ಗೆ ಮಹಾಪೆ, ಶಿಳ್ ಫಾಟಾ ದಾಟಿ ಕಲ್ಯಾಣದ ಕಡೆ ಹೊರಟೆವು. ದಾರಿಯುದ್ದಕ್ಕೂ ಟ್ರಕ್ಕಿನವರು ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಕಪ್ಪು ಕಾರು, ತಪ್ಪು ಬದಿಯಲ್ಲಿ ಹಳದಿ ಸೀರೆಯುಟ್ಟ ಹೆಂಗಸು, ಬಲಗಡೆ ಖಾಲಿ ಕೈಯಲ್ಲಿ ಕೂತು ಯಜಮಾನನ ಗತ್ತಿನಲ್ಲಿ ಕೈ ಬೀಸುತ್ತಿರುವ ಗಂಡಸು. ಕಲ್ಯಾಣದ ಸೇತುವೆಯ ಮೇಲೆ ಮುಂದಿನ ರಿಕ್ಷಾದವನು ಹಿಂದೆ ತಿರುಗಿ ನೋಡುತ್ತಲೇ ಓಡಿಸಿದ. ಅತ್ತೆ ಮಾತ್ರ ಯಾರನ್ನೂ ನೋಡಲಿಲ್ಲ.

ವಿಠ್ಠಲವಾಡಿಯಲ್ಲಿ ಸಾಹೇಬರ ಮನೆ ಇದ್ದದ್ದು ಕೈಗಾಡಿಗಳಿಂದ ಕಿಕ್ಕಿರಿದ ಒಂದು ಗಲ್ಲಿಯಲ್ಲಿ. ತಿರುವಿನಲ್ಲೇ ನಿಲ್ಲಿಸಿ ಸಾಹೇಬರ ತಂಗಿ ಹೊರಗಿದ್ದಾರಾ ಎಂದು ಮೊದಲು ಇಣುಕಿ ಬರಬೇಕೆಂದು ಮಾವನ ಯೋಜನೆ. ನಿಲ್ಲಿಸಲು ಜಾಗವೇ ಇರಲಿಲ್ಲ. ಹಿಂದಿನಿಂದ ಹಾರ್ನು, ಮುಂದಿನಿಂದ ಪಪ್ಪಾಯಿ ಗಾಡಿ. ಅತ್ತೆ ಆ ಹಡಗನ್ನು ಇಂಚಿಂಚಾಗಿ ನಡೆಸಿ ಸೀದಾ ಗೇಟಿನ ಮುಂದೆ ತಂದು ನಿಲ್ಲಿಸಿದಳು. ಜಗಲಿಯ ಕುರ್ಚಿಯಲ್ಲಿ ಸಾಹೇಬರು ಕೂತಿದ್ದರು. ಬಿಳಿ ಪೈಜಾಮ, ಕಪ್ಪು ಕನ್ನಡಕ, ಒಂದು ಗಾಜಿನ ಹಿಂದೆ ಹತ್ತಿಯ ಪಟ್ಟಿ. ತಂಗಿ ದೇವಸ್ಥಾನಕ್ಕೆ ಹೋಗಿದ್ದರು. ಮಾವ ಕೈ ಮೇಲೆತ್ತಿ ದೇವರಿಗೆ ವಂದಿಸಿದ.

"ಎಂಜಿನ್ ಬಂದ್ ಮಾಡಬೇಡ," ಅಂದರು ಸಾಹೇಬರು. ತಲೆ ಒಂದು ಕಡೆ ವಾಲಿಸಿ ಕೇಳಿದರು. "ಬಾಬು ಒಳ್ಳೆ ಕೆಲಸ ಮಾಡಿದ್ದಾನೆ. ನೀನೂ ಚೆನ್ನಾಗಿ ತಂದೆ, ರಘುರಾಮ್. ಆ ತಿರುವಿನಲ್ಲಿ ನಾನೇ ಎಷ್ಟು ಸಲ ತರಚಿದ್ದೇನೆ! ನಡೆ, ಒಂದು ಸುತ್ತು ಹಾಕೋಣ."

ಇದು ಉಪಾಯದಲ್ಲಿ ಇರಲಿಲ್ಲ.

ಸಾಹೇಬರನ್ನು ಬಲಗಡೆ ಮುಂದಿನ ಸೀಟಿಗೆ ಕೂರಿಸಿದ್ದಾಯಿತು. ಸ್ಟಿಯರಿಂಗಿನಲ್ಲಿ ಅತ್ತೆ ಉಸಿರು ಬಿಗಿಹಿಡಿದು ಕೂತಿದ್ದಳು. ಈಗ ಮಾವನ ದನಿ ಅವಳ ಜಾಗದಿಂದ ಬರಬೇಕಲ್ಲ. ಮಾವ ಅತ್ತೆಯನ್ನು ಒಂದು ಗಳಿಗೆ ಇಳಿಸಿ ನನ್ನ ಪಕ್ಕದಲ್ಲಿ ನುಸುಳಿ, ಹಿಂದಿನಿಂದ ಅತ್ತೆಯ ಸೀಟನ್ನು ತಬ್ಬಿಕೊಂಡು, ಅವಳ ಭುಜದ ಮೇಲೆ ಗದ್ದ ಇಟ್ಟ. ಪ್ರತಿ ಗುಂಡಿಗೂ ಗದ್ದ ಅವಳ ಹೆಗಲಿಗೆ ಕುಟ್ಟುತ್ತಿತ್ತು.

"ಬದಲಾಪುರದ ರಸ್ತೆಗೆ ಹೋಗು," ಅಂದರು ಸಾಹೇಬರು.

"ಜೀ ಸಾಬ್," ಎಂದಿತು ಅತ್ತೆಯ ಭುಜ.

ಅತ್ತೆ ಮಸಾಲೆ ಹುರಿದು ಪಳಗಿದ ಕೈಯಲ್ಲಿ ಗೇರು ಬದಲಿಸಿದಳು. ಊರು ಹಿಂದೆ ಬಿತ್ತು. ಸಾಹೇಬರು ಕಣ್ಣಿಲ್ಲದೆ ದಾರಿ ಹೇಳುತ್ತಿದ್ದರು. ಇಲ್ಲೊಂದು ಆಲದ ಮರ ಇರಬೇಕು, ಇಲ್ಲಿ ಸೇತುವೆ ಕಿರಿದು, ಈಗ ಏರು ಬರುತ್ತದೆ. ಪ್ರತಿಯೊಂದಕ್ಕೂ ಮಾವ "ಹಾಂ ಸಾಬ್, ನೋಡಿದೆ ಸಾಬ್". ನಾನು ನಗು ತಡೆಯಲು ಫ್ರಾಕಿನ ಅಂಚು ಬಾಯಿಗೆ ತುರುಕಿಕೊಂಡಿದ್ದೆ. ಏರಿನಲ್ಲಿ ಅತ್ತೆ ಮೂರರಿಂದ ಎರಡಕ್ಕೆ ಇಳಿಸಿದಳು. ಗೇರು ತಕರಾರು ಮಾಡಲಿಲ್ಲ.

ಏರು ಮುಗಿದ ಮೇಲೆ ಸಾಹೇಬರು ನಿಧಾನಕ್ಕೆ ಕೇಳಿದರು:

"ರಘುರಾಮ್, ಒಂದು ಮಾತು."

"ಹೇಳಿ ಸಾಬ್."

"ನೀನು ಬಳೆ ಹಾಕಿಕೊಳ್ಳಲು ಶುರು ಮಾಡಿದ್ದು ಯಾವಾಗಿನಿಂದ?"

ಗೇರಿನ ಮೇಲಿದ್ದ ಅತ್ತೆಯ ಬಲಗೈ ಅಲ್ಲೇ ನಿಂತಿತು. ಡಜನ್ ಹಸಿರು ಗಾಜಿನ ಬಳೆ. ಹಬ್ಬಕ್ಕೆ ತೊಟ್ಟವು. ಅಷ್ಟೆಲ್ಲ ಯೋಚಿಸಿದ್ದ ನಮಗೆ ಮೂವರಿಗೂ ಅದೊಂದು ಹೊಳೆದಿರಲಿಲ್ಲ.

"ಗಲ್ಲಿ ಬಿಟ್ಟಾಗಿನಿಂದಲೇ ಕೇಳಿಸುತ್ತಿದೆ," ಅಂದರು ಸಾಹೇಬರು. "ಗೇರು ಬಿದ್ದಾಗಲೆಲ್ಲ ಛಳ್ ಛಳ್. ನನ್ನ ಕಣ್ಣು ಹೋಗಿದೆ, ಕಿವಿ ಎಲ್ಲಿ ಹೋಗಿದೆ? ಎಷ್ಟು ದೂರ ಎಳೆಯುತ್ತೀಯೋ ನೋಡೋಣ ಅಂತ ಸುಮ್ಮನಿದ್ದೆ."

ಮಾವ ಅತ್ತೆಯ ಭುಜದಿಂದ ಗದ್ದ ತೆಗೆದ. ಕಡಲೆಹಿಟ್ಟಿನ ಯಾವುದಾದರೂ ಆಮ್ಲೆಟ್ಟು ಈಗಲೂ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ.

"ನನಗೆ ಬರುವುದಿಲ್ಲ ಸಾಬ್," ಅಂದ. "ಆವತ್ತೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಕಲಿಯಲು ನೋಡಿದೆ. ಹೆದರಿಕೆ ಆಗುತ್ತದೆ."

ಮಾವನಿಗೆ ಹೆದರಿಕೆ ಆಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ನಗು ಅಲ್ಲೇ ನಿಂತುಹೋಯಿತು.

"ಹಾಗಾದರೆ ಇದು ಯಾರು?"

"ನನ್ನ ಹೆಂಡತಿ ಸಾಬ್. ವಾರಿಜ."

"ಬೇಟೀ, ಗಾಡಿ ಬದಿಗೆ ನಿಲ್ಲಿಸು."

ಅತ್ತೆ ನಿಲ್ಲಿಸಿದಳು. ಎಂಜಿನ್ ಬಂದ್ ಮಾಡಿದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಿಸಿಯಾದ ಲೋಹ ಟಿಕ್ ಟಿಕ್ ಎನ್ನುತ್ತಿತ್ತು. ಇನ್ನು ನಾವು ಬಸ್ಸು ಹಿಡಿದು ಮನೆಗೆ ಹೋಗಬೇಕು ಎಂದು ನಾನು ನಿಶ್ಚಯಿಸಿಕೊಂಡೆ. ಅವಲಕ್ಕಿ ಡಬ್ಬಿಯನ್ನು ಮಡಿಲಿಗೆ ತೆಗೆದುಕೊಂಡೆ.

ಸಾಹೇಬರು ಕುರ್ತಾದ ಒಳಜೇಬಿನಿಂದ ಮಡಚಿದ ಕಾಗದಗಳನ್ನು ತೆಗೆದರು.

"ಓಡಿಸುವವನಿಗೆ ಕೊಡುತ್ತೇನೆ ಅಂದಿದ್ದೆ. ಮಾತು ಮಾತೇ. ರಘುರಾಮ್, ಇದರಲ್ಲಿ ನಿನ್ನ ಹೆಸರು ಬರೆಸುವುದಿಲ್ಲ. ಇವಳ ಹೆಸರು ಹೇಳು, ಪೂರ್ತಿ. ಸಹಿ ಎಲ್ಲಿ ಹಾಕಬೇಕೋ ಬೆರಳಿಟ್ಟು ತೋರಿಸು, ನನಗೆ ಕಾಣುವುದಿಲ್ಲ."

ಮಾವ ಅತ್ತೆಯ ಹೆಸರು, ಅವಳ ಅಪ್ಪನ ಹೆಸರು ಎರಡನ್ನೂ ಹೇಳಿದ. ಅಪ್ಪನ ಹೆಸರನ್ನು ಅತ್ತೆಯ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡ. ಸಾಹೇಬರು ಡ್ಯಾಷ್‌ಬೋರ್ಡಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಸಹಿ ಕಾಗದದಿಂದ ಅರ್ಧ ಹೊರಗೆ ಹೋಗಿ ಡ್ಯಾಷ್‌ಬೋರ್ಡಿನ ಮೇಲೂ ಬಿತ್ತು.

"ಮತ್ತೆ ಒಂದು," ಅಂದರು. "ಆ ಸಾಂಬಾರು ಮಾಡುತ್ತಿದ್ದದ್ದಾದರೂ ನೀನೇ ತಾನೇ?"

"ಅದು ನಾನೇ ಸಾಬ್!" ಎಂದು ಮಾವ ಕೂಗಿದ.

"ಹಾಗಾದರೆ ಹುಳಿ ಕಡಿಮೆ ಮಾಡು. ಬೇಟೀ, ಮುಂದೆ ರಸ್ತೆ ಖಾಲಿ ಉಂಟಾ?"

"ಖಾಲಿ ಉಂಟು," ಅಂದಳು ಅತ್ತೆ. ಆ ಕಾರಿನಲ್ಲಿ ಸಾಹೇಬರೆದುರು ಅವಳು ಆಡಿದ ಮೊದಲ ಮಾತು. ಗಾಬರಿಯಲ್ಲಿ ಕನ್ನಡದಲ್ಲೇ ಆಡಿದಳು. ಅವರಿಗೆ ಅರ್ಥವಾಯಿತು.

"ಹಾಗಾದರೆ ಒತ್ತು."

ಗುಂಪಿನ ಜನ ಹೇಳುವುದು ಸುಳ್ಳಲ್ಲ. ನಾನು ಸೀಟಿನೊಳಗೆ ಹೂತುಹೋದೆ. ಹೊಟ್ಟೆ ಎಲ್ಲೋ ಹಿಂದಿನ ಸೇತುವೆಯ ಹತ್ತಿರ ಉಳಿಯಿತು. ಮಾವ ನನ್ನ ಕೈ ಹಿಡಿದುಕೊಂಡ, ನಾನು ಹೆದರಬಾರದೆಂದು ಅಲ್ಲ. ಹಿಡಿ ಇಲ್ಲದ ಕಿಟಕಿಯ ಅರ್ಧ ತೆರೆದ ಗಾಜಿನಿಂದ ಗಾಳಿ ನುಗ್ಗಿ ಅವಲಕ್ಕಿಯೆಲ್ಲ ಸಾಹೇಬರ ತಲೆಯ ಮೇಲೆ ಬಿತ್ತು. ಸಾಹೇಬರು ಸಿಂಧಿಯಲ್ಲಿ ಏನೋ ಕೂಗುತ್ತಿದ್ದರು. ಮುಂದಿನ ಕನ್ನಡಿಯಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಳು. ಮಾವ ಆ ಕನ್ನಡಿಯನ್ನು ನೋಡಿದವನು ನೋಡುತ್ತಲೇ ಇದ್ದ. ರಸ್ತೆಯ ಭಯವನ್ನೂ ಮರೆತುಬಿಟ್ಟಿದ್ದ.

ಸಾಹೇಬರನ್ನು ಮನೆ ಮುಟ್ಟಿಸಿ ವಾಪಸು ಹೊರಟಾಗ ಮಾವ ಮುಂದಿನ ಸೀಟಿಗೆ ಬಂದ. ಕಲ್ಯಾಣ ಬಂದಾಗ ಮಾವ ಕೇಳಿದ:

"ನಿನ್ನ ಅಪ್ಪ... ಘಾಟಿಯಲ್ಲಿ ಯಾವ ರೂಟು?"

ಅತ್ತೆ ಹೇಳಲು ಶುರುಮಾಡಿದಳು. ಮೊದಲು ರೂಟು. ಆಮೇಲೆ ಬಸ್ಸಿನ ಬಣ್ಣ. ಮಳೆಗಾಲದಲ್ಲಿ ವೈಪರು ಕೆಟ್ಟರೆ ಅಪ್ಪ ತಂಬಾಕಿನ ಎಲೆಯಿಂದ ಗಾಜು ಉಜ್ಜುತ್ತಿದ್ದದ್ದು. ಕಂಡಕ್ಟರು ಇವಳಿಗೆಂದು ಹಿಂದಿನಿಂದ ಕೂಗಿ ಕಳಿಸುತ್ತಿದ್ದ ಕಡಲೆ. ಒಮ್ಮೆ ತಿರುವಿನಲ್ಲಿ ಬ್ರೇಕು ಹಿಡಿಯದಿದ್ದಾಗ ಅಪ್ಪ ಇವಳ ಕಡೆ ನೋಡಿ ನಕ್ಕದ್ದು, ಮನೆಗೆ ಬಂದ ಮೇಲೆ ಕಲಸಿದ ಅನ್ನ ಉಣ್ಣದೆ ಎದ್ದುಹೋದದ್ದು. ನನಗೆ ತಿಳಿದ ವಾರಿಜತ್ತೆ ದಿನಕ್ಕೆ ಹತ್ತು ಮಾತಾಡುವವಳು. ಈಗ ಕೋಣದ ಗುಟುರಿನ ಮೇಲೆ ದನಿ ಏರಿಸಿ ಮಾತಾಡುತ್ತಿದ್ದಳು. ಮಾವ ಅವಳ ಕಡೆ ತಿರುಗಿ ಕೂತು ಕೇಳುತ್ತಿದ್ದ, ನಡುವೆ ಒಂದೇ ಒಂದು ಸಲವೂ "ಹಾಂ, ಗೊತ್ತು" ಎನ್ನದೆ.

ನನ್ನನ್ನು ಡೊಂಬಿವಲಿಯಲ್ಲಿ ಇಳಿಸಿ ಅವರು ಘಣಸೋಲಿಗೆ ಹೋಗಬೇಕಿತ್ತು. ನಮ್ಮ ಬಿಲ್ಡಿಂಗು ಬಂತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ಸದ್ದು ಕೇಳಿ ಅಕ್ಕಪಕ್ಕದವರೂ ಹೊರಗೆ ಬಂದಿದ್ದರು. ಅತ್ತೆ ಮಾತು ನಿಲ್ಲಿಸಿ ಬ್ರೇಕಿನ ಮೇಲೆ ಕಾಲಿಟ್ಟಳು.

"ನಿಲ್ಲಿಸಬೇಡ," ಅಂದ ಮಾವ. "ಆಮೇಲೆ ಎಂತ ಆಯ್ತು, ಹೇಳು."

ಅತ್ತೆ ಅವನ ಮುಖ ನೋಡಿದಳು. ಗೇರು ಬದಲಿಸಿದಳು. ಬಾಲ್ಕನಿಯಿಂದ ಅಮ್ಮ ಸೌಟು ಬೀಸುತ್ತಾ "ಊಟ! ಊಟ!" ಎಂದು ಕೂಗುತ್ತಿದ್ದ ಹಾಗೆಯೇ ನಮ್ಮ ಗೇಟನ್ನು ದಾಟಿ, ಸ್ಟೇಷನ್ನಿನ ರಸ್ತೆಯನ್ನೂ ದಾಟಿ, ನಾವು ಮುಂದೆ ಹೋದೆವು.